ಅಣವೀರಪ್ಪನ ಗಂಗಾಳ ಮತ್ತು ಜರ್ಮನರ ಉಳ್ಳಾಗಡ್ಡಿ

ನಮ್ಮ ಮನೆಯ ಅತಿ ಹಿರಿಯ ಸದಸ್ಯನಿಗೆ ಈಗ ನೂರಾ ಮೂವತ್ತು ದಾಟಿರಬೇಕು. ಹೆಸರು ಅಣವೀರಪ್ಪ, ನನ್ನ ಗಂಡನ ಮುತ್ತಜ್ಜ. ಆತನಿಗೆ ಶುಗರ್ ಇಲ್ಲ, ಬಿಪಿ ಇಲ್ಲ, ಮೊಣಕಾಲು ನೋವಿಲ್ಲ. ದಿನಾ ಸಂಜೆ ಬಿಸಿ ಜೋಳದ ರೊಟ್ಟಿ, ಪಲ್ಯ, ಬೇಳೆ, ಸೇಂಗಾ ಚಟ್ನಿ ಮತ್ತು ಒಂದು ಇಡೀ ಉಳ್ಳಾಗಡ್ಡಿ ಕಂಚಿನ ಗಂಗಾಳದಲ್ಲಿ ಆತನ ಮುಂದೆ ಬರುತ್ತದೆ. ಮುಂದೆ ಎಂದೆನಲ್ಲ, ಅಲ್ಲಿ ಯಾರೂ ಕೂತಿರುವುದಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಮನೆಬಿಟ್ಟು ಹೋದವನು ಇನ್ನೂ ವಾಪಸು ಬಂದಿಲ್ಲ, ಅಷ್ಟೆ.

ನಾನು ಶಿವಕುಮಾರಿ, ಈ ಮನೆಯ ಸೊಸೆ. ಆಸ್ಪತ್ರೆಯೊಂದರಲ್ಲಿ ಕೇಸ್ ಪೇಪರ್ ಮಾಡಿಕೊಡುವ ಕಿಟಕಿಯ ಹಿಂದೆ ಕೂತುಕೊಳ್ಳುತ್ತೇನೆ. ಮನುಷ್ಯ ಇದ್ದಾನೋ ಹೋದನೋ ಎಂಬುದು ಗೊತ್ತಾಗದೆ ನಮ್ಮಲ್ಲಿ ಸಾಲು ಮುಂದೆ ಸರಿಯುವುದಿಲ್ಲ. ಅಂಥವಳು ಮನೆಗೆ ಬಂದರೆ, ಇದ್ದಾನೆ ಎನ್ನಲೂ ಆಗದ, ಇಲ್ಲ ಎನ್ನಲೂ ಬಿಡದ ಒಬ್ಬ ಗಂಡಸಿಗೆ ದಿನಾ ಹೆಚ್ಚಿನ ರೊಟ್ಟಿ ಬಡಿಯಬೇಕು. ಇರುವ ಗಂಡಸರಿಗೇ ರೊಟ್ಟಿ ಬಡಿದು ಸಾಕಾಗಿದೆ ಎಂದು ನಾನು ಎಷ್ಟೋ ಸಲ ಅಂದಿದ್ದೇನೆ. ಅತ್ತೆ ಕೇಳಿಸಿಕೊಂಡವರಲ್ಲ.

ಕಥೆ ಇಷ್ಟು. ಅಣವೀರಪ್ಪ ವಿಜಾಪುರದ ಕಡೆಯಿಂದ ಬಂದು ಬೈಕುಲ್ಲಾದ ಒಂದು ಗಿರಣಿಯಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದ. ಹೆಂಡತಿ ಸೋಮವ್ವ, ತೊಡೆಯ ಮೇಲೊಂದು ಕೂಸು, ಚಾಳಿನಲ್ಲಿ ಒಂದು ಖೋಲಿ. ಒಂದು ದಿನ ಕೆಲಸದಿಂದ ಬಂದು ಊಟಕ್ಕೆ ಕೂತ. ಗಂಗಾಳದಲ್ಲಿ ಉಳ್ಳಾಗಡ್ಡಿ ಇರಲಿಲ್ಲ. ಕೇಳಿದ. ಮನೆಯಲ್ಲಿ ಇಲ್ಲ ಎಂದಳು ಸೋಮವ್ವ. ಯುದ್ಧದ ಕಾಲ, ಎಲ್ಲವೂ ತುಟ್ಟಿ. ಉಳ್ಳಾಗಡ್ಡಿ ಇಲ್ಲದ ಊಟವೂ ಒಂದು ಊಟವೇ ಎಂದು ಆತ, ಬೇಕಿದ್ದರೆ ಹೋಗಿ ತಂದುಕೋ ಎಂದು ಈಕೆ. ಆತ ಬಡಿಸಿದ ಗಂಗಾಳದ ಮುಂದಿನಿಂದ ಎದ್ದ, ತಲೆಗೆ ಪಟಗ ಸುತ್ತಿಕೊಂಡ, ಹೋದ. ಕಾಯಿಪಲ್ಯದ ಮಾರ್ಕೆಟ್ಟು ಖೋಲಿಯಿಂದ ಕೂಗಳತೆಯಲ್ಲಿತ್ತು. ನಮ್ಮ ಮನೆತನದ ಗಂಡಸರಿಗೆ ಹತ್ತಿರದ ಅಂಗಡಿಗೆ ಕಳಿಸಿದರೂ ದಾರಿ ತಪ್ಪುತ್ತದೆ, ಆದರೆ ಅಣವೀರಪ್ಪ ಆ ವಿಷಯದಲ್ಲಿ ಎಲ್ಲರನ್ನೂ ಮೀರಿಸಿದ. ಬಂದರಿಗೆ ಹೋಗಿ, ಹಡಗಿನ ಬಾಯ್ಲರಿಗೆ ಕಲ್ಲಿದ್ದಲು ಹಾಕುವ ಕೆಲಸ ಹಿಡಿದು, ಸಮುದ್ರ ದಾಟಿಬಿಟ್ಟ.

ಮುಂದೆ ಹಡಗಿನ ಕಂಪನಿಯವನೊಬ್ಬ ಖೋಲಿಯ ಬಾಗಿಲಿಗೆ ಬಂದು ಸುದ್ದಿ ಹೇಳಿದನಂತೆ. ಜರ್ಮನರ ಹಡಗೊಂದು ನೀರೊಳಗಿನಿಂದ ಎದ್ದು ಬಂದು ಇವರ ಹಡಗನ್ನು ಮುಳುಗಿಸಿತು, ಜನ ದೋಣಿಗಳಿಗೆ ಇಳಿದರು, ಒಂದು ದೋಣಿ ದಡ ಸೇರಿತು, ಇನ್ನೊಂದು ಸೇರಲಿಲ್ಲ. ಅಣವೀರಪ್ಪ ಸೇರದ ದೋಣಿಯಲ್ಲಿದ್ದ. ಚಾಳಿನ ಹೆಂಗಸರು ಬಳೆ ಒಡೆಯಲು ಬಂದಾಗ ಸೋಮವ್ವ ಕೈ ಹಿಂದೆ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತಳಂತೆ.

“ಉಣ್ಣದ ಎದ್ದು ಹೋಗ್ಯಾನ. ಬಂದು ಉಣ್ತಾನ,” ಎಂದಳಂತೆ.

ಅಂದಿನಿಂದ ಗಂಗಾಳ ಎದ್ದಿಲ್ಲ. ಸೋಮವ್ವ ಕೊನೆಯವರೆಗೂ ಬಳೆ, ಕುಂಕುಮ ಇಟ್ಟುಕೊಂಡೇ ಇದ್ದಳು, ಹಸಿರು ಸೀರೆ ಉಡಿಸಿಕೊಂಡು ಮುತ್ತೈದೆಯಾಗಿಯೇ ಹೋದಳು. ಹೋಗುವ ಮುಂಚೆ ಗಂಗಾಳವನ್ನು ಮೊಮ್ಮಗನ ಹೆಂಡತಿಯ ಕೈಗೆ ಕೊಟ್ಟಳು. ಆ ಮೊಮ್ಮಗನ ಹೆಂಡತಿಯೇ ನನ್ನ ಅತ್ತೆ, ದೇವಕ್ಕ. ಬೈಕುಲ್ಲಾದ ಖೋಲಿ ಬಿಟ್ಟು ಸಯನ್ನಿನ ಬಿಲ್ಡಿಂಗಿಗೆ ಬರುವಾಗ ಮಂಚ ಬಂತು, ಕಪಾಟು ಬಂತು, ಟೆಂಪೋದ ಮುಂದಿನ ಸೀಟಿನಲ್ಲಿ ಅತ್ತೆಯ ಮಡಿಲಲ್ಲಿ ಗಂಗಾಳ ಬಂತು.

ಮಹಾನವಮಿ ಅಮಾವಾಸ್ಯೆಯ ದಿನ ನಮ್ಮಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ. ತೀರಿಹೋದವರ ಫೋಟೋ ಸಾಲಾಗಿಟ್ಟು, ಹೊಸ ಬಟ್ಟೆ ಇಟ್ಟು, ಅವರವರಿಗೆ ಸೇರುತ್ತಿದ್ದುದನ್ನು ಬಡಿಸುತ್ತೇವೆ. ಆ ಸಾಲಿನಲ್ಲಿ ಸೋಮವ್ವನಿದ್ದಾಳೆ, ಆಕೆಯ ಮಗನಿದ್ದಾನೆ, ನನ್ನ ಮಾವನೂ ಇದ್ದಾರೆ. ಅಣವೀರಪ್ಪ ಇಲ್ಲ. ಆತ ಬದುಕಿರುವವರ ಪಂಕ್ತಿಯಲ್ಲಿ, ನನ್ನ ಗಂಡನ ಪಕ್ಕದಲ್ಲಿ. ಮಗ, ಮೊಮ್ಮಗ ತೀರಿಹೋಗಿ ಫೋಟೋದಲ್ಲಿ ಕೂತು ಎಡೆ ತಗೊಳ್ಳುವಾಗ ಈ ಮಹಾರಾಯ ಈಚೆ ಬದಿಗೆ ಕೂತು ಉಣ್ಣುತ್ತಿರುತ್ತಾನೆ. ಹೊಸದಾಗಿ ಮದುವೆಯಾಗಿ ಬಂದಾಗ ನಾನು ಇದನ್ನು ನೋಡಿ ನಕ್ಕಿದ್ದೆ. ಅತ್ತೆ ಬೈಯಲಿಲ್ಲ. ಹಸಿದುಹೋದವನನ್ನು ಸತ್ತವರ ಸಾಲಿನಲ್ಲಿ ಕೂಡಿಸಬಾರದು, ಆತ ಎಲ್ಲಿಯೋ ಒಂದು ಕಡೆ ಉಂಡದ್ದು ಗೊತ್ತಾದರೆ ಆಮೇಲೆ ನೋಡೋಣ ಎಂದಿದ್ದರು.

ಈ ವ್ಯವಸ್ಥೆಯಿಂದ ಲಾಭವಾದದ್ದು ಬಿಲ್ಡಿಂಗಿನ ವಾಚ್‌ಮನ್‌ಗಳಿಗೆ. ಎಲ್ಲರದೂ ಮುಗಿದ ಮೇಲೆ ಗಂಗಾಳದ ಊಟ ಕೆಳಗೆ ಗೇಟಿಗೆ ಹೋಗುತ್ತದೆ. ಈಗಿನ ವಾಚ್‌ಮನ್ ಅಂಗಾರ ಉಡುಪಿಯ ಕಡೆಯವ. ಬಂದ ಹೊಸದರಲ್ಲಿ ಜೋಳದ ರೊಟ್ಟಿ ಕಂಡು ಮುಖ ಹಿಂಡುತ್ತಿದ್ದವನು ಈಗ ಚಟ್ನಿ ಕಡಿಮೆಯಾದರೆ ಇಂಟರ್‌ಕಾಮಿನಲ್ಲಿ ಫೋನು ಮಾಡುತ್ತಾನೆ. ನಮ್ಮ ಮುತ್ತಜ್ಜನ ದೀರ್ಘಾಯುಷ್ಯಕ್ಕೆ ದೇವರಲ್ಲಿ ಬೇಡಿಕೊಳ್ಳುವವನು ಅವನೊಬ್ಬನೇ ಇರಬೇಕು.

ಈ ವರ್ಷ ಅತ್ತೆಯ ಕೈ ನಡುಗಲು ಶುರುವಾಯಿತು. ಬೇಳೆ ಬಡಿಸುವಾಗ ಗಂಗಾಳದ ಅಂಚಿಗೆ ಸೌಟು ಬಡಿಯುತ್ತದೆ. ಒಂದು ಸಂಜೆ ಅದನ್ನೇ ನೋಡುತ್ತ, ತಮ್ಮ ಹಿಂದೆ ನಾನು ಈ ಗಂಗಾಳ ಹಾಕುತ್ತೇನೋ ಇಲ್ಲವೋ ಎಂದು ಕೇಳಿದರು. ನಾನು ಮಾತು ಹಾರಿಸಿ ಕುಕ್ಕರಿನ ಕಡೆ ಹೋದೆ. ಅವರು ಮತ್ತೆ ಕೇಳಲಿಲ್ಲ. ಆದರೆ ಅಂದಿನಿಂದ ಅವರ ಮುಖದಲ್ಲಿ ಒಂದೇ ಚಿಂತೆ: ತಾವು ಹೋದ ಮರುದಿನವೇ ಆ ಮನುಷ್ಯ ಹಸಿದಿರುತ್ತಾನೆ ಎಂಬುದು. ನನಗೆ ಸಿಟ್ಟೂ ಬಂತು, ಪಾಪ ಎಂದೂ ಅನಿಸಿತು.

ಇನ್ನು ನನ್ನ ಮಗಳು ಸಪ್ನಾ. ಅಂಧೇರಿಯ ಒಂದು ಸ್ಟುಡಿಯೋದಲ್ಲಿ ಆಕೆಯ ಕೆಲಸ. ಹೊರದೇಶದವರು ತಮ್ಮ ಹಳೆಯ ಸಿನಿಮಾ ರೀಲುಗಳನ್ನು ಕಂಪ್ಯೂಟರಿಗೆ ಏರಿಸಿ ಕಳಿಸುತ್ತಾರೆ, ಇವರು ಒಂದೊಂದೇ ಫ್ರೇಮಿನ ಮೇಲಿನ ಗೀರು, ಧೂಳು ಅಳಿಸಿ ವಾಪಸು ಕಳಿಸುತ್ತಾರೆ. ಮನೆಯಲ್ಲಿ ಟಿವಿಯ ಮೇಲಿನ ಧೂಳಿನಲ್ಲಿ ಬೆರಳಿಂದ ಹೆಸರು ಬರೆಯಬಹುದು, ಆಕೆ ಒರೆಸುವವಳಲ್ಲ. ಅಲ್ಲಿ ದಿನವಿಡೀ ಜರ್ಮನರ ಧೂಳು ಒರೆಸುತ್ತಾಳೆ.

ಜರ್ಮನರದೇ. ಆ ತಿಂಗಳು ಬಂದಿದ್ದ ರೀಲು ಮೊದಲ ಮಹಾಯುದ್ಧದ ಒಂದು ಜರ್ಮನ್ ಸಬ್‌ಮರೀನಿನದು. ಆಗ ಒಬ್ಬ ಕ್ಯಾಮರಾದವನನ್ನು ಅದರೊಳಗೆ ಕೂಡಿಸಿಕೊಂಡು ಹೋಗಿದ್ದರಂತೆ. ಹಡಗು ಮುಳುಗಿಸುವುದು, ಫೋಟೋ ತೆಗೆಯುವುದು, ಮತ್ತೆ ಇನ್ನೊಂದು ಹಡಗು ಹುಡುಕುವುದು. ನಮ್ಮ ಕಡೆ ಮದುವೆಗೂ ಇಷ್ಟು ಸಾವಧಾನವಾಗಿ ವಿಡಿಯೋ ಮಾಡುವುದಿಲ್ಲ. ಸಪ್ನಾ ಇದನ್ನು ಮನೆಯಲ್ಲಿ ಹೇಳಿರಲಿಲ್ಲ. ಅಣವೀರಪ್ಪನ ಕಥೆ ಆಕೆಗೆ ಗೊತ್ತಿತ್ತು, ಆದರೆ ಸಮುದ್ರದಲ್ಲಿ ಮುಳುಗಿದ ಹಡಗುಗಳು ಸಾವಿರಾರು, ಸುಮ್ಮನೆ ಅಜ್ಜಿಯ ತಲೆಯಲ್ಲಿ ಹುಳ ಬಿಡುವುದು ಯಾಕೆ ಎಂದುಕೊಂಡಿದ್ದಳಂತೆ. ಅಷ್ಟು ಬುದ್ಧಿ ಆಕೆಗೆ ನನ್ನಿಂದ ಬಂದದ್ದು.

ಅಷ್ಟರಲ್ಲಿ ಒಂದು ಸಂಜೆ ಊಟಕ್ಕೆ ಕೂತಾಗ ನನ್ನ ಗಂಡ ಉಳ್ಳಾಗಡ್ಡಿ ಒಡೆದರು. ಅವರ ಹೆಸರು ನಾನು ಬಾಯಲ್ಲಿ ಹೇಳುವುದಿಲ್ಲ, ಬರೆಯಲು ಅಡ್ಡಿಯಿಲ್ಲ, ಶಾಂತಪ್ಪ. ಹೆಸರಿನಲ್ಲಿರುವ ಶಾಂತಿ ಉಳ್ಳಾಗಡ್ಡಿ ಕಂಡಾಗ ಇರುವುದಿಲ್ಲ. ನೆಲದ ಮೇಲಿಟ್ಟು ಎಡಗೈಯಿಂದ ಸ್ವಲ್ಪ ಉರುಳಿಸಿ ನೋಡಿ, ಬಲ ಮುಷ್ಟಿ ಎತ್ತಿ ಒಂದೇ ಗುದ್ದು. ಆಮೇಲೆ ನಡುವಿನ ತಿರುಳನ್ನು ಬೆರಳಿಂದ ಹೊರಗೆ ತೆಗೆದು ಪಕ್ಕಕ್ಕಿಡುತ್ತಾರೆ, ಅದು ಕೊನೆಯ ತುತ್ತಿಗೆ. ಮುಷ್ಟಿಯಿಂದ ಗುದ್ದುವುದು ಉತ್ತರ ಕರ್ನಾಟಕದ ಅರ್ಧ ಗಂಡಸರ ಪದ್ಧತಿ. ತಿರುಳು ತೆಗೆದಿಟ್ಟು, ಎಷ್ಟೋ ಸಲ ಅಲ್ಲೇ ಮರೆತು, ಹೆಂಡತಿಯ ಕಾಲಿಗೆ ಮೆತ್ತಿಸುವುದು ಮಾತ್ರ ಈ ಮನೆತನದ್ದು.

ಸಪ್ನಾ ರೊಟ್ಟಿ ಮುರಿಯುತ್ತಿದ್ದವಳು ಹಾಗೇ ಕೈ ತಡೆದಳು. “ಪಪ್ಪಾ, ಏಕ್ ಬಾರ್ ಫಿರ್ ಸೇ ಮಾಡ್ರಿ,” ಎಂದಳು.

ಮಗಳು ತಮ್ಮ ಒಂದು ಕೆಲಸವನ್ನಾದರೂ ಮೆಚ್ಚಿದಳಲ್ಲ ಎಂದು ಅವರು ಇನ್ನೊಂದು ಒಡೆದರು. ಆಕೆ ಮೊಬೈಲಿನಲ್ಲಿ ಹಿಡಿದಳು. ಇನ್ನೊಂದು ಕೋನದಿಂದ ಬೇಕೆಂದಳು. ಮೂರನೆಯದಕ್ಕೆ ಕೆಳಗಿನ ಮನೆಯವರು ಫೋನು ಮಾಡಿ, ನಿಮ್ಮಲ್ಲಿ ಏನಾದರೂ ಜಗಳವೇ ಎಂದು ಕೇಳಿದರು. ಸಪ್ನಾ ಊಟ ಅರ್ಧಕ್ಕೆ ಬಿಟ್ಟು ಏಳಲು ಹೊರಟಳು. ಅತ್ತೆ ಆಕೆಯ ಮುಂಗೈ ಹಿಡಿದು ಕೂಡಿಸಿದರು. ಈ ಮನೆಯಲ್ಲಿ ತಾಟಿನ ಮುಂದಿನಿಂದ ಯಾರೂ ಹಾಗೆ ಏಳುವಂತಿಲ್ಲ.

ಉಂಡು ಮುಗಿಸಿದ ಮೇಲೆ ಸಪ್ನಾ ಹಿಂದಿ, ಇಂಗ್ಲಿಷ್, ಅಷ್ಟಿಷ್ಟು ಕನ್ನಡ ಸೇರಿಸಿ ವಿಷಯ ಹೇಳಿದಳು. ಆ ರೀಲಿನಲ್ಲಿ ಒಂದು ದೋಣಿ ಬರುತ್ತದೆ. ಹಡಗಿನಿಂದ ಇಳಿದ ಜನ ಅದರಲ್ಲಿ ಸಬ್‌ಮರೀನಿನ ಪಕ್ಕಕ್ಕೆ ಬಂದು ನಿಂತಿದ್ದಾರೆ, ಹೆಚ್ಚಿನವರು ಹಿಂದುಸ್ತಾನದವರು. ಅವರಲ್ಲಿ ಪಟಗ ಸುತ್ತಿದ ಒಬ್ಬ ದೋಣಿಯ ಹಲಗೆಯನ್ನು ಮುಷ್ಟಿಯಿಂದ ಗುದ್ದುತ್ತಾನೆ. ರೀಲು ಕಳಿಸಿದ ಹೊರದೇಶದವರು ಅದರ ಕೆಳಗೆ, ಹಡಗು ಕಳೆದುಕೊಂಡ ನಾವಿಕ ದುಃಖದಿಂದ ದೋಣಿಯನ್ನು ಗುದ್ದುತ್ತಿದ್ದಾನೆ ಎಂದು ಬರೆಸುವವರಿದ್ದರು. ಸ್ಟುಡಿಯೋದಲ್ಲಿ ಒಬ್ಬಿಬ್ಬರು ಅದನ್ನು ನೋಡಿ ಕಣ್ಣೊರೆಸಿಕೊಂಡೂ ಇದ್ದರು. ಸಪ್ನಾಗೆ ಮಾತ್ರ ಅದರಲ್ಲಿ ಏನೋ ಸರಿಯಿಲ್ಲ ಎನಿಸುತ್ತಿತ್ತು. ದುಃಖದಲ್ಲಿ ಗುದ್ದುವವನು ಮುಂಚೆ ಎಡಗೈಯಿಂದ ಏನನ್ನೋ ಉರುಳಿಸಿ ನೋಡುವುದಿಲ್ಲ. ಗುದ್ದಿದ ಮೇಲೆ ಅಗಿಯುವುದಂತೂ ಇಲ್ಲವೇ ಇಲ್ಲ.

ಮರುದಿನ ಆಕೆ ಸ್ವಚ್ಛ ಮಾಡದ ಮೂಲ ರೀಲು ತೆಗೆದು ನೋಡಿದಳು. ಅವರ ಯಂತ್ರದ ಪದ್ಧತಿ ಹೀಗಿದೆ: ಒಂದು ಫ್ರೇಮಿನಲ್ಲಿ ಇದ್ದ ಬಿಳಿ ಚುಕ್ಕೆ ಮುಂದಿನ ಫ್ರೇಮಿನಲ್ಲಿ ಅದೇ ಜಾಗದಲ್ಲಿ ಇಲ್ಲದಿದ್ದರೆ ಅದು ಧೂಳು, ಅಳಿಸು. ಸಬ್‌ಮರೀನಿನ ಮೇಲಿಂದ ದೋಣಿಯ ಕಡೆಗೆ ಒಂದು ಬಿಳಿ ಚುಕ್ಕೆ ಹಾರಿ ಬಂದಿತ್ತು. ಯಂತ್ರ ಅದನ್ನು ಅಳಿಸಿತ್ತು. ಆತನ ಕೈಯಲ್ಲೂ ಹಲಗೆಯ ಮೇಲೂ ಉಳಿದಿದ್ದ ಬಿಳಿಯ ಚೂರುಗಳನ್ನು ಯಂತ್ರ ಬಿಟ್ಟಿತ್ತು, ಅವನ್ನು ನನ್ನ ಮಗಳೇ ಕೈಯಾರೆ ಒರೆಸಿದ್ದಳು. ಹುಟ್ಟಿದಾಗಿನಿಂದ ಒಂದು ಸಲ ಚೊಕ್ಕಟಾಗಿ ಒರೆಸಿದಳು, ಅದೂ ಒರೆಸಬಾರದ್ದನ್ನು.

ಸಂಜೆ ಅತ್ತೆಯ ಎದುರಿಗೆ ಕೂತು ಅದು ಉಳ್ಳಾಗಡ್ಡಿಯೇ ಎಂದು ಹೇಳಿದಳು. ನಾನು ಅಡುಗೆಮನೆಯಿಂದಲೇ, ಜಗತ್ತಿನಲ್ಲಿ ಉಳ್ಳಾಗಡ್ಡಿ ತಿನ್ನುವವನು ಒಬ್ಬನೇ ಏನು ಎಂದು ಕೂಗಿದೆ. ಗಂಡ ಆಗಲೇ ಸಂಬಂಧಿಕರಿಗೆಲ್ಲ ಫೋನು ಮಾಡುವ ಹುರುಪಿನಲ್ಲಿದ್ದರು. ಅತ್ತೆ ಯಾರ ಕಡೆಗೂ ನೋಡಲಿಲ್ಲ. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಮೊಮ್ಮಗಳನ್ನು ಒಂದೇ ಮಾತು ಕೇಳಿದರು.

“ಉಂಡನೇನ?”

ನೀವೇ ನೋಡಿ ಹೇಳಿ ಆಯಿ ಎಂದಳು ಸಪ್ನಾ. ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತೇವೆ.

ರೀಲನ್ನು ಹೊರಗೆ ತರುವಂತಿಲ್ಲ, ಮೊಬೈಲಿನಲ್ಲಿ ಹಿಡಿಯುವಂತಿಲ್ಲ. ಆದರೆ ಕೆಲಸದಲ್ಲಿ ಸಪ್ನಾಳ ಮೇಲಿನವನು ಮುಜಾಹಿದ ಎಂಬ ಹುಡುಗ, ಕಲಬುರಗಿಯ ಕಡೆಯವ. ಅಜ್ಜಿಯ ವಿಷಯ ಕೇಳಿ, ಭಾನುವಾರ ಯಾರೂ ಇರುವುದಿಲ್ಲ, ಕರೆದುಕೊಂಡು ಬಾ ಎಂದ. ಭಾನುವಾರ ಎಂದರೆ ಲೋಕಲಿನಲ್ಲಿ ಮೆಗಾ ಬ್ಲಾಕ್, ಹಳಿ ರಿಪೇರಿಗೆಂದು ಅರ್ಧ ಗಾಡಿಗಳನ್ನು ನಿಲ್ಲಿಸಿರುತ್ತಾರೆ. ಸಯನ್ನಿನಲ್ಲಿ ಕಾದು, ದಾದರಿನ ಸೇತುವೆ ಹತ್ತಿ ಇಳಿದು, ಅಂಧೇರಿ ಮುಟ್ಟುವಷ್ಟರಲ್ಲಿ ನಾನು ಜರ್ಮನರನ್ನೂ ರೈಲ್ವೆಯವರನ್ನೂ ಕೂಡಿಯೇ ಬೈದಿದ್ದೆ. ಅತ್ತೆ ಕಿಟಕಿಯ ಪಕ್ಕ ಕೂತು ಮಡಿಲಲ್ಲಿ ಟಿಫಿನ್ ಡಬ್ಬಿ ಹಿಡಿದುಕೊಂಡಿದ್ದರು. ಅದರಲ್ಲಿ ಏನಿದೆ ಎಂದು ಕೇಳಿದೆ. ಊಟದ ಹೊತ್ತಿಗೆ ವಾಪಸು ಮನೆ ಮುಟ್ಟುತ್ತೇವೋ ಇಲ್ಲವೋ, ಅದಕ್ಕೇ ಅವರ ಊಟ ಕಟ್ಟಿಕೊಂಡು ಬಂದಿದ್ದೇನೆ ಎಂದರು. ಅವರ ಎಂದರೆ ಅಣವೀರಪ್ಪನ. ನಮ್ಮ ಮೂವರ ಊಟದ ನೆನಪು ಯಾರಿಗೂ ಇರಲಿಲ್ಲ.

ಸ್ಟುಡಿಯೋದ ಆ ಕೋಣೆಯಲ್ಲಿ ಚಪ್ಪಲಿ ಹೊರಗೆ ಬಿಡಬೇಕು, ಧೂಳು ಬರಬಾರದಲ್ಲ. ಅತ್ತೆ ಯಾರೂ ಹೇಳದೆಯೇ ಬಿಟ್ಟರು, ಬಾಗಿಲಿಗೆ ಕೈ ಮುಟ್ಟಿಸಿ ಹಣೆಗೊತ್ತಿಕೊಂಡರು. ತಿನ್ನುವ ಪದಾರ್ಥ ಒಳಗೆ ಬಿಡುವುದಿಲ್ಲ ಎಂದು ಮುಜಾಹಿದ ಸಂಕೋಚದಿಂದ ಹೇಳಿದ. ಡಬ್ಬಿ ತಮ್ಮದಲ್ಲ, ಒಳಗೆ ಇರುವವರದು ಎಂದು ಅತ್ತೆ ಉತ್ತರ ಕೊಟ್ಟರು. ಅವನು ಸಪ್ನಾಳ ಮುಖ ನೋಡಿದ, ನನ್ನ ಮುಖ ನೋಡಿದ, ಆಮೇಲೆ ಡಬ್ಬಿಯನ್ನು ನೋಡದವನ ಹಾಗೆ ದೀಪ ಆರಿಸಿದ.

ಮೊದಲು ಸ್ವಚ್ಛ ಮಾಡಿದ ರೀಲು ತೋರಿಸಿದರು. ಸದ್ದಿಲ್ಲ. ಬೂದು ಬಣ್ಣದ ಸಮುದ್ರ, ಅದರಲ್ಲಿ ಅರ್ಧ ಮೇಲೆದ್ದ ಉದ್ದನೆಯ ಕಬ್ಬಿಣದ ಬೆನ್ನು, ಅದರ ಮೇಲೆ ತೊಗಲಿನ ಕೋಟು ಹಾಕಿದ ಹುಡುಗರು. ಹುಡುಗರೇ, ಮೀಸೆ ಈಗ ಚಿಗುರಿದವರು, ಕ್ಯಾಮರಾ ಕಂಡು ಹಲ್ಲು ಬಿಡುತ್ತಾರೆ. ದೋಣಿ ಬಂತು. ಅದರೊಳಗಿನವರು ನಗುತ್ತಿಲ್ಲ. ಅಂಚಿಗೆ ಒಬ್ಬ ಕೂತಿದ್ದ, ಬರಿಮೈ, ಎದೆಯ ಮೇಲೆಲ್ಲ ಕಲ್ಲಿದ್ದಲಿನ ಮಸಿ, ತಲೆಗೆ ಪಟಗ. ನಾನು ಅಷ್ಟು ಹೊತ್ತು ನಗುವ ತಯಾರಿಯಲ್ಲಿದ್ದವಳು, ಅವನ ತೆಳ್ಳಗಿನ ಭುಜ ನೋಡಿ ಮುಂದಕ್ಕೆ ಬಾಗಿದೆ. ಅವನು ಬರಿಗೈ ಚಾಚಿ ಗಾಳಿಯಲ್ಲಿ ಏನನ್ನೋ ಹಿಡಿದ, ಬರಿ ಹಲಗೆಯ ಮೇಲೆ ಇಟ್ಟ, ಗುದ್ದಿದ. ಏನೂ ಇಲ್ಲದ್ದನ್ನು ಬಾಯಿಗೆ ಹಾಕಿಕೊಂಡ.

“ಉಳ್ಳಾಗಡ್ಡಿ ಯಾರು ತಗದ್ರು?” ಎಂದರು ಅತ್ತೆ.

ಸಪ್ನಾ ತಲೆ ತಗ್ಗಿಸಿ, ಯಂತ್ರವೂ ತಾನೂ ಸೇರಿ ಎಂದಳು. ಧೂಳು ಎಂದುಕೊಂಡಿದ್ದೆವು ಎಂದಳು. ಅತ್ತೆ ಪರದೆಯಿಂದ ಕಣ್ಣು ತೆಗೆಯದೆ ನನ್ನ ಕೈ ಹಿಡಿದರು.

“ಸೋಮವ್ವನೂ ಹಿಂಗಽ ಮಾಡಿದ್ಲು. ಅವತ್ತ ಮನ್ಯಾಗ ಉಳ್ಳಾಗಡ್ಡಿ ಇತ್ತವಾ. ಒಂದಽ ಒಂದಿತ್ತು. ನಾಳಿಗೆ ಇರ್ಲಿ ಅಂತ ಹಿಟ್ಟಿನ ಗಡಗ್ಯಾಗ ಮುಚ್ಚಿಟ್ಟು ಇಲ್ಲ ಅಂದಿದ್ಲು. ಸಾಯೂ ಮುಂದ ನನಗೊಬ್ಬಾಕಿಗೆ ಹೇಳಿದ್ಲು.”

ಆಗ ನನಗೆ ಈ ಗಂಗಾಳ ಏನೆಂಬುದು ತಿಳಿಯಿತು. ಇಷ್ಟು ವರ್ಷ ನಾನು ಅದನ್ನು ಒಬ್ಬ ಸಿಟ್ಟುಗಾರ ಗಂಡಸಿನ ಊಟ ಎಂದುಕೊಂಡು ಗೊಣಗುತ್ತಿದ್ದೆ. ಅದು ಸೋಮವ್ವನ ಒಂದು ಸಣ್ಣ ಸುಳ್ಳಿನ ಊಟ. ಯಾವ ಹೆಂಗಸು ಹೇಳದ ಸುಳ್ಳು ಅದು? ನಾನು ಇವತ್ತಿಗೂ ಸಕ್ಕರೆ ಡಬ್ಬಿಯ ಹಿಂದೆ ಬಿಸ್ಕೀಟು ಮುಚ್ಚಿಡುತ್ತೇನೆ. ನನಗೆ ಆ ಅಜ್ಜಿಯ ಮೇಲೆ ವಿಪರೀತ ಕರುಣೆ ಬಂತು, ಕಣ್ಣು ತುಂಬಿತು. ಕತ್ತಲಿದ್ದುದರಿಂದ ಯಾರಿಗೂ ಕಾಣಲಿಲ್ಲ.

ಮುಜಾಹಿದ ಮೂಲ ರೀಲು ಹಾಕಿದ. ತುಂಬ ಗೀರುಗಳು, ಮಳೆ ಬಂದ ಹಾಗೆ ಧೂಳು. ಅದರ ನಡುವೆ ಸಬ್‌ಮರೀನಿನ ಮೇಲಿಂದ ಒಬ್ಬ ಹುಡುಗ ಒಂದು ಬ್ರೆಡ್ಡು ಎಸೆದ. ಇನ್ನೊಬ್ಬ ಜೇಬಿಗೆ ಕೈ ಹಾಕಿ ಒಂದು ಬಿಳಿಯ ಗುಂಡು ತೆಗೆದು ತೂಗಿ ನೋಡಿ ಎಸೆದ. ಅದು ಹಾರಿ ಬಂತು. ಪಟಗದವನು ಅದನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಗಳಿಗೆ ಸುಮ್ಮನೆ ನೋಡಿದ. ಹಲಗೆಯ ಮೇಲಿಟ್ಟು ಎಡಗೈಯಿಂದ ಉರುಳಿಸಿದ. ಗುದ್ದಿದ. ಬೆರಳಿಂದ ನಡುವಿನ ತಿರುಳು ತೆಗೆದು ಹಲಗೆಯ ಅಂಚಿಗೆ ಇಟ್ಟ. ಬ್ರೆಡ್ಡಿನ ಜೊತೆಗೆ ಉಣ್ಣತೊಡಗಿದ. ಪಕ್ಕದವನಿಗೆ ಒಂದು ಎಸಳು ಕೊಟ್ಟ. ಎಷ್ಟು ಹಸಿದಿದ್ದನೋ, ತಲೆ ಎತ್ತಲಿಲ್ಲ. ಅವನ ಬೆನ್ನ ಹಿಂದೆ ದೂರದಲ್ಲಿ ಅವರ ಹಡಗು ಬಾಲ ಮೇಲೆತ್ತಿಕೊಂಡು ನೀರಿನಲ್ಲಿ ಇಳಿಯುತ್ತಿತ್ತು. ಆ ಕ್ಯಾಮರಾದವನು ಸಮುದ್ರ ದಾಟಿ ಬಂದದ್ದು ಅದನ್ನು ಹಿಡಿಯಲಿಕ್ಕೆ. ನಾವು ಮೂವರೂ ಅದನ್ನು ನೋಡಲಿಲ್ಲ.

“ಉಂಡ,” ಎಂದರು ಅತ್ತೆ.

ದೀಪ ಹಚ್ಚಿದಾಗ ಸಪ್ನಾ ಒಳಗೊಳಗೇ ಒದ್ದಾಡುತ್ತಿರುವುದು ಕಂಡಿತು. ಆಕೆಗೆ ಸುಳ್ಳು ಹೇಳಲು ಬರುವುದಿಲ್ಲ, ಇದು ಮಾತ್ರ ಯಾರಿಂದ ಬಂತೋ ತಿಳಿಯದು. ಅಜ್ಜಿಯ ಕಾಲ ಬಳಿ ಕೂತು ತಡವರಿಸುತ್ತ ಹೇಳಿದಳು. ರೀಲಿನ ಮೊದಲಿನ ಬರಹದಲ್ಲಿ ಆ ಹಡಗು ಕಲಕತ್ತೆಯಿಂದ ಹೊರಟದ್ದು ಎಂದಿದೆ. ನಮ್ಮವರು ಮುಂಬಯಿಯಲ್ಲಿ ಹತ್ತಿದವರು. ರೀಲಿನವರು ನಮ್ಮವರಲ್ಲದೆ ಇರಬಹುದು. ಹೆಚ್ಚು ಮಾಡಿ ಅಲ್ಲ. ನಾನು ಆಕೆಗೆ ಕಣ್ಣಿನಲ್ಲೇ ಬಾಯಿ ಮುಚ್ಚು ಎಂದೆ. ಆಗಲೇ ಹೇಳಿ ಮುಗಿಸಿದ್ದಳು.

ಅತ್ತೆ ಆಕೆಯ ತಲೆಯ ಮೇಲೆ ಕೈಯಿಟ್ಟರು. ಅವರ ಮುಖದಲ್ಲಿ ಒಂದಿಷ್ಟೂ ಬೇಸರವಿರಲಿಲ್ಲ.

“ಅಂವ ಅಲ್ಲಂದ್ರ ಯಾವಾಕೀದೋ ಗಂಡ ಅದಾನ. ಆಕೀನೂ ಎ‍ಲ್ಲೋ ಒಂದು ಕಡೆ ಗಂಗಾಳ ಹಾಕ್ಕೊಂಡು ಕುಂತಿರ್ತಾಳ. ಉಂಡಾನಲ್ಲ, ಸಾಕು. ನಮ್ಮಂವಗೂ ಯಾರರೆ ಕೊಟ್ಟಿರ್ತಾರ.”

ಆಸ್ಪತ್ರೆಯ ಕಿಟಕಿಯಲ್ಲಿ ಇಷ್ಟು ವರ್ಷ ಕೂತರೂ ಈ ಲೆಕ್ಕ ನನಗೆ ಹೊಳೆದಿರಲಿಲ್ಲ. ಅತ್ತೆ ಮುಜಾಹಿದನ ಕೈಗೆ ಡಬ್ಬಿ ಕೊಟ್ಟರು. ಹೊರಗೆ ಹೋಗಿ ಉಣ್ಣು, ಇಲ್ಲಿ ಧೂಳು ಬೀಳುತ್ತದೆ ಎಂದರು. ಅವನು ನಾಲ್ಕು ಪುಟ್ಟ ತಾಟು ಹುಡುಕಿ ತಂದ, ಮೆಟ್ಟಿಲ ಮೇಲೆ ಕೂತು ನಾಲ್ವರೂ ಹಂಚಿಕೊಂಡು ತಿಂದೆವು. ಅಣವೀರಪ್ಪನ ಊಟದಲ್ಲಿ ನನಗೆ ಪಾಲು ಸಿಕ್ಕಿದ್ದು ಅದೇ ಮೊದಲು. ರೊಟ್ಟಿ ಬಡಿದವಳು ನಾನೇ ಆದರೂ ಹೇಳುತ್ತೇನೆ, ಚೆನ್ನಾಗಿತ್ತು.

ಆಮೇಲೆ ಮುಜಾಹಿದ ಹೊರದೇಶದವರಿಗೆ ಬರೆದು, ಅದು ಧೂಳಲ್ಲ ಉಳ್ಳಾಗಡ್ಡಿ ಎಂದು ತಿಳಿಸಿದ. ಅವರು ಮೊದಲು ನಂಬಲಿಲ್ಲ. ಸಪ್ನಾ ತನ್ನ ಪಪ್ಪಾ ಉಳ್ಳಾಗಡ್ಡಿ ಒಡೆದ ವಿಡಿಯೋ ಕಳಿಸಿದಳು. ಎರಡು ಕೋನಗಳಿಂದ ಹಿಡಿದದ್ದು ಕೆಲಸಕ್ಕೆ ಬಂತು. ಉಳ್ಳಾಗಡ್ಡಿ ರೀಲಿಗೆ ವಾಪಸು ಬಂತು, ದುಃಖದ ಬರಹ ಹೋಯಿತು. ಈಗ ಅಲ್ಲಿ, ನಾವಿಕನೊಬ್ಬ ಊಟ ಮಾಡುತ್ತಿದ್ದಾನೆ ಎಂದಷ್ಟೇ ಇದೆಯಂತೆ. ತಮ್ಮ ಮುಷ್ಟಿ ಜರ್ಮನಿಯವರೆಗೆ ಹೋಯಿತೆಂದು ನನ್ನ ಗಂಡ ಇನ್ನೂ ಜನರಿಗೆ ಹೇಳುತ್ತಿದ್ದಾರೆ.

ಮಹಾನವಮಿ ಅಮಾವಾಸ್ಯೆ ಬಂತು. ಹಿಂದಿನ ದಿನ ಅತ್ತೆ ಕಂಚಿನ ಗಂಗಾಳವನ್ನು ಹುಣಸೆಹಣ್ಣು ಹಚ್ಚಿ ತಾವೇ ಬೆಳಗಿದರು. ಅಂಗಾರನಿಗೆ ಸುದ್ದಿ ಹೇಗೋ ಮುಟ್ಟಿತ್ತು. ಮೇಲೆ ಬಂದು ಬಾಗಿಲಲ್ಲಿ ನಿಂತು, ಹಿರಿಯರು ಹೋದರಂತಲ್ಲ ಎಂದು ನಿಜವಾದ ದುಃಖದಿಂದ ಕೇಳಿದ. ಅತ್ತೆ, ನಾಳೆಯಿಂದ ನಿನ್ನ ಊಟ ನಿನ್ನ ಹೆಸರಿನಲ್ಲೇ ಬರುತ್ತದೆ ಎಂದು ಹೇಳಿ ಕಳಿಸಿದರು. ಅಂದರೆ ನನ್ನ ರೊಟ್ಟಿ ಕಡಿಮೆಯಾಗಲಿಲ್ಲ.

ಫೋಟೋಗಳ ಸಾಲಿನಲ್ಲಿ ಸೋಮವ್ವನ ಫೋಟೋದ ಪಕ್ಕಕ್ಕೆ ಜಾಗ ಮಾಡಿದೆವು. ಅಣವೀರಪ್ಪನ ಫೋಟೋ ಇಲ್ಲ, ಒಂದು ಹೊಸ ಧೋತರ, ಒಂದು ಪಟಗ ಮಡಿಚಿ ಇಟ್ಟೆವು. ನಾನು ಸೋಮವ್ವನಿಗೆಂದು ಬೇರೆ ತಾಟು ತಂದೆ. ಅತ್ತೆ ಬೇಡವೆಂದರು. ಇಬ್ಬರಿಗೂ ಒಂದೇ ಗಂಗಾಳ ಇಟ್ಟು ಹೋಳಿಗೆ, ರೊಟ್ಟಿ, ಬೇಳೆ ಬಡಿಸಿದರು. ಎಡೆಗೆ ಉಳ್ಳಾಗಡ್ಡಿ ಬೇಕಲ್ಲ. ನನ್ನ ಗಂಡ ಮುಷ್ಟಿ ಬಿಗಿದುಕೊಂಡು ಮುಂದೆ ಬಂದರು. ನಾನು ಅವರನ್ನು ಸರಿಸಿ, ಬುಟ್ಟಿಯಲ್ಲಿದ್ದುದರಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಆರಿಸಿ, ತೊಳೆದು, ಅಣವೀರಪ್ಪನ ಧೋತರದ ಬದಿಗೆ ಇಟ್ಟೆ.

ಅತ್ತೆ ಅದನ್ನು ತೆಗೆದು ಗಂಗಾಳದ ಆಚೆ ಬದಿಗೆ, ಸೋಮವ್ವನ ಫೋಟೋದ ಕೈ ಹತ್ತಿರಕ್ಕೆ ಸರಿಸಿದರು.

“ಅಲ್ಲಿಡಬ್ಯಾಡ,” ಎಂದರು. “ಆಕೀನಽ ಕೊಡ್ಲಿ.”